ಕೊನೆಗೌಡರ ಬುಕಿಂಗ್ ಆ್ಯಪ್: ಕೋಡಿಂಗ್ ಬಾರದವರು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನವಳು. ಬಿ.ಕಾಂ. ಓದಿ ಸೊಸೈಟಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತಿದ್ದೇನೆ. ಪ್ರತಿ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಕೊನೆಗೌಡರು (ಮರ ಹತ್ತಿ ಅಡಿಕೆಯ ಕೊನೆ, ಅಂದರೆ ಗೊನೆ, ಇಳಿಸುವವರು) ಸಿಗದೆ ನಮ್ಮ ಕಡೆಯ ಎಲ್ಲರ ಮನೆಯಲ್ಲೂ ಗೋಳು. ಮಳೆಗಾಲದಲ್ಲಿ ಔಷಧ ಹೊಡೆಯುವವರಿಗೂ ಇದೇ ಕಥೆ. ಬೆಳೆಗಾರರು ಮೊಬೈಲಿನಲ್ಲೇ ಕೆಲಸಗಾರರನ್ನು ಬುಕ್ ಮಾಡುವ ಆ್ಯಪ್ ತರಬೇಕೆಂದಿದ್ದೇನೆ. ಹುಬ್ಬಳ್ಳಿಯ ಒಂದು ಕಂಪನಿ ನಾಲ್ಕೂವರೆ ಲಕ್ಷ ರೂಪಾಯಿ, ನಂತರ ವರ್ಷಕ್ಕೆ 60 ಸಾವಿರ ನಿರ್ವಹಣಾ ವೆಚ್ಚ ಕೇಳಿದೆ. ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ, 'ಎಐ ಇದೆಯಲ್ಲ ಚಿಕ್ಕಮ್ಮ, ಎರಡು ದಿನದಲ್ಲಿ ಮಾಡಿಕೊಡುತ್ತೇನೆ' ಅನ್ನುತ್ತಾನೆ. ನನಗೆ ಕೋಡಿಂಗ್ ಗಂಧಗಾಳಿ ಇಲ್ಲ. ಉಳಿತಾಯ ಎರಡು ಲಕ್ಷ ಇದೆ. ಮೊದಲು ಕೋಡಿಂಗ್ ಕಲಿಯಲೇ, ಸಾಲ ಮಾಡಿ ಕಂಪನಿಗೆ ಕೊಡಲೇ? ಯಾರಿಗಾದರೂ ಹೇಳಿದರೆ ಐಡಿಯಾ ಕದ್ದಾರು ಎಂಬ ಹೆದರಿಕೆಯೂ ಇದೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಆತಂಕಗಳು ಬೆರೆತಿವೆ. ಕೋಡಿಂಗ್ ಬಾರದೆ ಇದು ಆಗುತ್ತದೆಯೇ ಎಂಬುದು ಒಂದು, ಕೂಡಿಟ್ಟ ಹಣ ನೀರಿನಲ್ಲಿ ಹೋಮ ಮಾಡಿದಂತಾದೀತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಚಿಕ್ಕದು: ಆಗುತ್ತದೆ. ಎರಡನೆಯದಕ್ಕೆ ನೀವು ದಿನವೂ ಮಾಡುವ ಕೆಲಸದಿಂದಲೇ ಶುರು ಮಾಡೋಣ, ಲೆಕ್ಕದಿಂದ.

ಒಂದು ಬುಕಿಂಗ್‌ಗೆ ಬೆಳೆಗಾರರಿಂದ 150 ರೂಪಾಯಿ ಸೇವಾ ಶುಲ್ಕ ಪಡೆಯುತ್ತೀರಿ ಎಂದುಕೊಳ್ಳಿ. ನಾಲ್ಕೂವರೆ ಲಕ್ಷ ಮರಳಿ ಬರಲು 3,000 ಬುಕಿಂಗ್ ಬೇಕು. ನಿರ್ವಹಣೆಯ 60 ಸಾವಿರಕ್ಕೇ ಪ್ರತಿ ವರ್ಷ 400 ಬುಕಿಂಗ್ ಹೋಗುತ್ತದೆ. ಒಬ್ಬ ಬೆಳೆಗಾರರಾದರೂ ಈ 150 ರೂಪಾಯಿ ಕೊಡುತ್ತಾರೋ ಇಲ್ಲವೋ ಎಂಬುದೇ ಇನ್ನೂ ಗೊತ್ತಿಲ್ಲ. ಗೊತ್ತಿಲ್ಲದ ಆ ಒಂದು ಸಂಗತಿಯನ್ನು ತಿಳಿಯಲು ನಾಲ್ಕೂವರೆ ಲಕ್ಷ ಬೇಕಾಗಿಲ್ಲ. ಸಾಲವಂತೂ ಈಗ ಖಂಡಿತ ಬೇಡ.

ನೀವು ಮಾರಹೊರಟಿರುವುದು ಏನು?

ಬೆಳೆಗಾರರಿಗೆ ಬೇಕಾದದ್ದು ಆ್ಯಪ್ ಅಲ್ಲ. 'ಗುರುವಾರ ಬೆಳಿಗ್ಗೆ ಎಂಟಕ್ಕೆ ಇಬ್ಬರು ಬರುತ್ತಾರೆ' ಎಂಬ ಮಾತು, ಆ ಮಾತಿನಂತೆ ಅವರು ಬರುವುದು. ಕೊಯ್ಲು ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಶುರುವಾಗಿ ಫೆಬ್ರವರಿ–ಮಾರ್ಚ್‌ವರೆಗೆ ನಡೆಯುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ (ಮೈಲುತುತ್ತ–ಸುಣ್ಣದ ಔಷಧದ) ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆಯೇ ಆಗಬೇಕು, ಎರಡನೆಯದು 40–45 ದಿನಕ್ಕೆ. ಅಂದರೆ ಇಡೀ ತಾಲ್ಲೂಕಿಗೆ ಒಂದೇ ವಾರದಲ್ಲಿ ಅದೇ ಜನ ಬೇಕು. ಮರ ಹತ್ತಬಲ್ಲವರ ಸಂಖ್ಯೆಯೇ ಕಡಿಮೆ ಇರುವಾಗ ಯಾವ ಆ್ಯಪ್ ಕೂಡ ಹೊಸ ಕೊನೆಗೌಡನನ್ನು ಹುಟ್ಟಿಸದು. ಇದನ್ನು ಈಗಲೇ ಒಪ್ಪಿಕೊಂಡರೆ ಮುಂದಿನ ಎಷ್ಟೋ ತಪ್ಪು ತಪ್ಪುತ್ತದೆ.

ಹಾಗಾದರೆ ನಿಮ್ಮ ಸೇವೆಗೆ ಜಾಗ ಎಲ್ಲಿದೆ? ವ್ಯರ್ಥವಾಗುವ ದಿನಗಳಲ್ಲಿ. ಕೆಲಸಗಾರ ಇವತ್ತು ಈ ತುದಿಯ ಊರು, ನಾಳೆ ಆ ತುದಿಯ ಊರು ಎಂದು ಓಡಾಡುವುದು, ಹೋದ ಮೇಲೆ ಕೊನೆ ಇನ್ನೂ ಹದಕ್ಕೆ ಬಂದಿಲ್ಲವೆಂದು ವಾಪಸ್ ಬರುವುದು, ಒಂದೇ ದಿನಕ್ಕೆ ಇಬ್ಬರಿಗೆ ಮಾತು ಕೊಟ್ಟು ಒಬ್ಬರಿಗೆ ಕೈಕೊಡುವುದು. ಅಕ್ಕಪಕ್ಕದ ಮೂರು ತೋಟಗಳನ್ನು ಒಂದೇ ದಿನಕ್ಕೆ ಜೋಡಿಸಿದರೆ ಅದೇ ಜನರಿಂದ ಹೆಚ್ಚು ಕೆಲಸ ಆಗುತ್ತದೆ, ಅವರ ದುಡಿಮೆಯೂ ಹೆಚ್ಚುತ್ತದೆ. ಈ ಜೋಡಣೆಯೇ ನಿಮ್ಮ ಸರಕು. ಅದನ್ನು ಮೊದಲ ಹಂಗಾಮಿನಲ್ಲಿ ನೀವು ಕೈಯಾರೆ ಮಾಡಬೇಕು. ಹೇಗೆ ಜೋಡಿಸಬೇಕೆಂದು ನಿಮಗೇ ತಿಳಿಯದ ಮೇಲೆ ಕಂಪನಿಯವರಿಗೆ ಏನೆಂದು ಹೇಳಿ ಮಾಡಿಸುತ್ತೀರಿ?

ಬೇಕಾದ್ದನ್ನು ಮನೆಗೆ ತಲುಪಿಸುತ್ತಿದ್ದ ಬೆಂಗಳೂರಿನ ಡುಂಝೊ ಸಂಸ್ಥೆ ಶುರುವಾದದ್ದು ಆ್ಯಪ್ ಆಗಿ ಅಲ್ಲ, ವಾಟ್ಸ್‌ಆ್ಯಪ್ ಮೇಲೆ. ಜನ ಬೇಕಾದ್ದನ್ನು ಮೆಸೇಜ್ ಮಾಡುತ್ತಿದ್ದರು, ಇವರು ತಂದುಕೊಡುತ್ತಿದ್ದರು. ಬೇಡಿಕೆ ಇದೆಯೆಂದು ಆಗಲೇ ಖಚಿತವಾಯಿತು. ಅದೇ ಸಂಸ್ಥೆಯ ಸೇವೆ 2025ರ ಆರಂಭದಲ್ಲಿ ನಿಂತೂ ಹೋಯಿತು ಎಂಬುದನ್ನು ಜೊತೆಗೇ ಹೇಳಬೇಕು. ವಾಟ್ಸ್‌ಆ್ಯಪ್ ಬೇಡಿಕೆಯನ್ನು ತೋರಿಸುತ್ತದೆ. ಪ್ರತಿ ಕೆಲಸದಲ್ಲಿ ಹಣ ಉಳಿಯುತ್ತದೆಯೇ ಎಂಬುದನ್ನು ನೀವೇ ಬೇರೆಯಾಗಿ ಲೆಕ್ಕ ಹಾಕಬೇಕು.

ಮೊದಲ ಹಂಗಾಮು: ಫಾರ್ಮ್, ಶೀಟ್, ಫೋನು

ಒಂದು ಹೋಬಳಿ ಮಾತ್ರ ಆರಿಸಿ. ಬೆಳೆಗಾರರಿಗಿಂತ ಮೊದಲು ಕೆಲಸಗಾರರನ್ನು ಸೇರಿಸಿ; ಹತ್ತು ಹದಿನೈದು ಜನ ಸಾಕು. ಅವರ ಮನೆಗೆ ಹೋಗಿ ಮಾತಾಡಿ, ಯಾರ ತೋಟಕ್ಕೆ ಮೊದಲೇ ಮುಂಗಡ ಪಡೆದಿದ್ದಾರೆ ಎಂದು ಕೇಳಿ ಬರೆದುಕೊಳ್ಳಿ. ಕೈಕೊಡುವುದಕ್ಕೆ ಮುಖ್ಯ ಕಾರಣ ಈ ಮುಂಗಡ. ಹಳೆಯ ಮನೆಯವರು ಕರೆದರೆ ನಿಮ್ಮ ಬುಕಿಂಗ್ ಬಿಟ್ಟು ಹೋಗಲೇಬೇಕಾದ ಋಣ ಅವರಿಗಿರುತ್ತದೆ. ಆ ದಿನಗಳನ್ನು ಮೊದಲೇ ಬಿಟ್ಟು ಉಳಿದ ದಿನಗಳನ್ನಷ್ಟೇ ನೀವು ತುಂಬಬೇಕು.

ಬೇರೆ ಸಿಮ್ ತೆಗೆದುಕೊಂಡು ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿ. ಅದು ಉಚಿತ. 'ಹೊಸ ಕೋರಿಕೆ', 'ದಿನ ನಿಗದಿ', 'ಕೆಲಸ ಮುಗಿದಿದೆ', 'ಶುಲ್ಕ ಬಾಕಿ' ಎಂದು ನಾಲ್ಕು ಲೇಬಲ್ ಮಾಡಿದರೆ ಯಾವ ಸಂಭಾಷಣೆ ಎಲ್ಲಿಗೆ ಬಂದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಪರಿಚಯವಿಲ್ಲದ ನೂರಾರು ಜನರಿಗೆ ಒಂದೇ ಮೆಸೇಜ್ ಕಳಿಸಬೇಡಿ. ಅವರು ದೂರು ಒತ್ತಿದರೆ ನಂಬರ್ ಬ್ಲಾಕ್ ಆಗುತ್ತದೆ, ಅದರೊಂದಿಗೆ ನಿಮ್ಮ ವ್ಯವಹಾರವೂ ನಿಲ್ಲುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗೆ ಜಾಗವಿದೆ, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಆದ್ದರಿಂದ ಪ್ರತಿಯೊಬ್ಬರಿಗೂ ಮೊದಲ ಫೋನಿನಲ್ಲೇ 'ನಂಬರ್ ಸೇವ್ ಮಾಡಿಕೊಳ್ಳಿ' ಎಂದು ಹೇಳಿ.

ಗೂಗಲ್ ಫಾರ್ಮ್ ಕನ್ನಡದಲ್ಲೇ ಇರಲಿ, ಎಂಟು ಪ್ರಶ್ನೆ ಮೀರದಿರಲಿ: ಹೆಸರು, ಮೊಬೈಲ್, ಊರು, ತೋಟದ ಅಳತೆ, ಯಾವ ಕೆಲಸ, ಮರ ಹತ್ತಬೇಕೋ ಅಥವಾ ದೋಟಿಯಲ್ಲಿ ಆಗುತ್ತದೋ, ಯಾವ ದಿನದಿಂದ ಯಾವ ದಿನದೊಳಗೆ, ತೋಟದವರೆಗೆ ಬೈಕ್ ಹೋಗುತ್ತದೆಯೇ. ಇಲ್ಲಿ ಮೂರು ಕಡೆ ಎಲ್ಲರೂ ಎಡವುತ್ತಾರೆ.

ಊರಿನ ಹೆಸರನ್ನು ಟೈಪ್ ಮಾಡಲು ಬಿಡಬೇಡಿ, ಪಟ್ಟಿಯಿಂದ ಆರಿಸುವಂತೆ ಮಾಡಿ. ಒಬ್ಬರು 'ಹುಲೇಕಲ್', ಇನ್ನೊಬ್ಬರು 'ಹುಲೇಕಲ್ಲು', ಮತ್ತೊಬ್ಬರು ಇಂಗ್ಲಿಷಿನಲ್ಲಿ ಬರೆದರೆ ಉತ್ತರಗಳು ಸೇರುವ ಗೂಗಲ್ ಶೀಟಿಗೆ ಅವು ಮೂರು ಬೇರೆ ಊರುಗಳು. ಊರಿನ ಪ್ರಕಾರ ಜೋಡಿಸುವುದೇ ನಿಮ್ಮ ಕೆಲಸವಾದ್ದರಿಂದ ಈ ಒಂದು ತಪ್ಪು ಎಲ್ಲವನ್ನೂ ಕೆಡಿಸುತ್ತದೆ. ಮೊಬೈಲ್ ಸಂಖ್ಯೆಗೆ ಮಿತಿ ಹಾಕಿ: 6000000000 ಮತ್ತು 9999999999ರ ನಡುವಿನ ಸಂಖ್ಯೆ ಮಾತ್ರ ಸ್ವೀಕಾರ ಎಂದರೆ ಒಂದು ಅಂಕಿ ಬಿಟ್ಟುಹೋದ ನಂಬರ್ ಒಳಗೆ ಬರುವುದಿಲ್ಲ. ಮೂರನೆಯದು ದಿನಾಂಕ. ಒಂದೇ ದಿನ ಕೇಳಿದರೆ ಜೋಡಿಸಲು ನಿಮಗೆ ಅವಕಾಶವೇ ಉಳಿಯುವುದಿಲ್ಲ. ಐದಾರು ದಿನಗಳ ಅವಧಿ ಕೇಳಿ.

ಫಾರ್ಮಿನ ಉತ್ತರಗಳು ಬಂದು ಬೀಳುವ ಹಾಳೆಯಲ್ಲಿ ಕೈ ಆಡಿಸಬೇಡಿ. ಅಲ್ಲಿ ಸಾಲುಗಳನ್ನು ಅಳಿಸುವುದು, ಮೇಲೆ ಕೆಳಗೆ ಮಾಡುವುದು ಶುರುವಾದರೆ ಪಕ್ಕದಲ್ಲಿ ನೀವು ಬರೆದ ಟಿಪ್ಪಣಿ ಬೇರೊಬ್ಬರ ಸಾಲಿಗೆ ಅಂಟಿಕೊಳ್ಳುತ್ತದೆ. ಬೇರೆ ಮೂರು ಹಾಳೆ ಮಾಡಿ: ಬೆಳೆಗಾರರು, ಕೆಲಸಗಾರರು, ಕೆಲಸಗಳು. ಕೆಲಸಗಳ ಹಾಳೆಯಲ್ಲಿ ಒಂದು ಕೆಲಸಕ್ಕೆ ಒಂದು ಸಾಲು, ಅದಕ್ಕೊಂದು ಸಂಖ್ಯೆ. ಒಬ್ಬರೇ ಬೆಳೆಗಾರರು ಕೊಯ್ಲಿಗೊಮ್ಮೆ, ಔಷಧಕ್ಕೊಮ್ಮೆ ಕರೆದರೆ ಎರಡು ಸಾಲು. ಸೊಸೈಟಿಯಲ್ಲಿ ಸದಸ್ಯರ ಖಾತೆ ಬೇರೆ, ದಿನವಹಿ ಬೇರೆ ಇಡುತ್ತೀರಲ್ಲ, ಅದೇ ಕ್ರಮ. ಕಂಪ್ಯೂಟರಿನವರು ಡೇಟಾಬೇಸ್ ಎನ್ನುವುದೂ ಇದನ್ನೇ. ಈ ಅಡಿಪಾಯವನ್ನು ಅನೇಕ ಇಂಜಿನಿಯರುಗಳಿಗಿಂತ ಚೆನ್ನಾಗಿ ಲೆಕ್ಕಪತ್ರ ಬಲ್ಲ ನೀವು ಹಾಕಬಲ್ಲಿರಿ.

ಕೋಡಿಂಗ್ ಕಲಿಯಬೇಕೇ ಎಂದು ಕೇಳಿದ್ದೀರಿ. ಈಗ ಬೇಡ. ಅದರ ಬದಲು ಶೀಟಿನ ಮೂರು ಸೂತ್ರ ಕಲಿಯಿರಿ: ಬೇಕಾದ ಸಾಲುಗಳನ್ನಷ್ಟೇ ತೋರಿಸುವ ಫಿಲ್ಟರ್, ಒಂದು ಹಾಳೆಯಿಂದ ಇನ್ನೊಂದಕ್ಕೆ ಮಾಹಿತಿ ತರುವ ಎಕ್ಸ್‌ಲುಕಪ್, ಎಣಿಸಿ ಹೇಳುವ ಕೌಂಟ್‌ಇಫ್. ಎರಡು ಮೂರು ಭಾನುವಾರದ ಕೆಲಸ. 'ಮುಂದಿನ ವಾರ ಈ ಊರಲ್ಲಿ ಎಷ್ಟು ಕೋರಿಕೆ, ಯಾವ ಕೆಲಸಗಾರ ಖಾಲಿ' ಎಂಬುದಕ್ಕೆ ಇಷ್ಟು ಸಾಕು. ಪ್ರತಿ ಭಾನುವಾರ ಶೀಟಿನ ಒಂದು ಪ್ರತಿಯನ್ನು ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿಗೆ ಹಾಕಿಡಿ, ಜಿಮೇಲ್ ಖಾತೆಗೆ ಎರಡು ಹಂತದ ಭದ್ರತೆ ಇರಲಿ.

ಮಲೆನಾಡಿನ ತೋಟಗಳಲ್ಲಿ ನೆಟ್‌ವರ್ಕ್ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ. ಅರ್ಧದಷ್ಟು ಬೆಳೆಗಾರರು ಫಾರ್ಮ್ ತುಂಬುವುದೂ ಇಲ್ಲ, ಫೋನ್ ಮಾಡುತ್ತಾರೆ. ಬೇಸರ ಬೇಡ, ಅವರ ಪರವಾಗಿ ನೀವೇ ಅದೇ ಫಾರ್ಮ್ ತುಂಬಿ. ಆಗ ಎಲ್ಲ ಮಾಹಿತಿ ಒಂದೇ ಕಡೆ ಸೇರುತ್ತದೆ. ಹಿಂದಿನ ಸಂಜೆ ಎರಡೂ ಕಡೆಗೆ ಒಂದು ಫೋನ್ ಹೋಗಲೇಬೇಕು, ಅದನ್ನು ತಪ್ಪಿಸಬೇಡಿ.

ಮರ ಹತ್ತುವ ಕೆಲಸ ಜೀವದ ಕೆಲಸ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವು ಸಂಭವಿಸಿದರೆ 2 ಲಕ್ಷ, ವಯಸ್ಸು 18ರಿಂದ 70. ಬ್ಯಾಂಕ್ ಖಾತೆ ಇದ್ದರೆ ಸಾಕು. ಈ ವಿಮೆ ಇಲ್ಲದವರನ್ನು ಪಟ್ಟಿಗೆ ಸೇರಿಸಬೇಡಿ, ಇಲ್ಲದಿದ್ದರೆ ಬ್ಯಾಂಕಿಗೆ ಕರೆದುಕೊಂಡು ಹೋಗಿ ಮಾಡಿಸಿ. 2 ಲಕ್ಷ ಒಂದು ಕುಟುಂಬಕ್ಕೆ ಸಾಲದು, ನಿಜ. ಆದರೂ ಏನೂ ಇಲ್ಲದಿರುವುದಕ್ಕಿಂತ ಮೇಲು.

ಪ್ಲೇ ಸ್ಟೋರ್, ಐಡಿಯಾ ಕಳ್ಳತನ

ಪ್ಲೇ ಸ್ಟೋರಿನಲ್ಲಿ ಇಲ್ಲದಿದ್ದರೆ ಅದು 'ನಿಜವಾದ' ಉತ್ಪನ್ನವಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ವರ್ಷಕ್ಕೆರಡು ಬಾರಿ ಬೇಕಾಗುವ ಸೇವೆಗಾಗಿ ಯಾರೂ ಆ್ಯಪ್ ಇಳಿಸಿಕೊಂಡು ಇಟ್ಟುಕೊಳ್ಳುವುದಿಲ್ಲ. ಹೊಸದಾಗಿ ವೈಯಕ್ತಿಕ ಡೆವಲಪರ್ ಖಾತೆ ತೆರೆದರೆ ಒಂದು ಬಾರಿಯ ಶುಲ್ಕ 25 ಡಾಲರ್ ಕಟ್ಟಬೇಕು, ಆ್ಯಪ್ ಬಿಡುಗಡೆಗೆ ಮುಂಚೆ ಕನಿಷ್ಠ 12 ಜನರಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕು. ಆಪಲ್‌ನದು ವರ್ಷಕ್ಕೆ 99 ಡಾಲರ್. ಬರೀ ವೆಬ್ ಪುಟವನ್ನು ಆ್ಯಪ್ ಎಂದು ಸುತ್ತಿ ಕಳಿಸಿದರೆ ತಿರಸ್ಕಾರವಾಗುವ ಸಾಧ್ಯತೆಯೂ ಇದೆ.

ಐಡಿಯಾ ಕದಿಯುವ ಭಯ ಬಿಡಿ. ಐಡಿಯಾಕ್ಕೆ ಕಾಪಿರೈಟ್ ಇಲ್ಲ. ಅದು ಕಾನೂನಿನ ಮಾತು. ಹೋಬಳಿಯ ಹದಿನೈದು ಕೆಲಸಗಾರರು ನಿಮ್ಮ ಫೋನ್ ಎತ್ತುತ್ತಾರೆ ಎಂಬುದನ್ನು ಬೇರೆಯವರು ಕದಿಯಲು ಸಾಧ್ಯವಿಲ್ಲ. ಇದು ವ್ಯವಹಾರದ ಮಾತು. ಹೆಸರನ್ನು ಮಾತ್ರ ರಕ್ಷಿಸಬಹುದು. ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಟ್ರೇಡ್‌ಮಾರ್ಕ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಸರ್ಕಾರಿ ಶುಲ್ಕ. ಒಂದು ಹಂಗಾಮು ನಡೆದ ಮೇಲೆ ಹಾಕಿದರೂ ಸಾಕು.

ಕೈಗೆ ಕೆಲಸ ಮೀರಿದಾಗ

ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಫೋನ್ ಮತ್ತು ಶೀಟಿಗೇ ಹೋಗತೊಡಗಿದಾಗ ಮುಂದಿನ ಹೆಜ್ಜೆ ಇಡಿ. ಕೋಡ್ ಬರೆಯದೆ ಆ್ಯಪ್ ಕಟ್ಟುವ 'ನೋ-ಕೋಡ್' ಸಾಧನಗಳಲ್ಲಿ ಗೂಗಲ್‌ನ ಆ್ಯಪ್‌ಶೀಟ್ ನಿಮಗೆ ಹೊಂದುತ್ತದೆ. ನಿಮ್ಮ ಮೂರು ಹಾಳೆಗಳನ್ನೇ ಅದು ಆ್ಯಪ್ ಆಗಿ ತೋರಿಸುತ್ತದೆ, ನೆಟ್ ಇಲ್ಲದ ತೋಟದಲ್ಲೂ ತುಂಬಿಟ್ಟು ನೆಟ್ ಸಿಕ್ಕಾಗ ಕಳಿಸುತ್ತದೆ. ಗ್ಲೈಡ್ ನೋಡಲು ಇನ್ನೂ ಅಂದ, ಆದರೆ ಅದಕ್ಕೆ ನೆಟ್ ಬೇಕೇ ಬೇಕು. ಬಬಲ್‌ನಲ್ಲಿ ಎಷ್ಟು ಸಂಕೀರ್ಣವಾದದ್ದನ್ನೂ ಕಟ್ಟಬಹುದು. ಕಲಿಯಲು ತಿಂಗಳುಗಳು ಬೇಕು, ಕಟ್ಟಿದ್ದನ್ನು ಕೋಡ್ ರೂಪದಲ್ಲಿ ಹೊರಗೆ ಒಯ್ಯಲು ಬರುವುದಿಲ್ಲ. ನಿಮಗೆ ಅದರ ಗೊಡವೆ ಬೇಡ.

'ನೋ-ಕೋಡ್ ಅಂದರೆ ಬಿಟ್ಟಿ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ್ಯಪ್‌ಶೀಟ್ ಪರೀಕ್ಷೆಗೆ ಹತ್ತು ಜನರವರೆಗೆ ಉಚಿತ. ನಂತರ ತಿಂಗಳಿಗೆ ಬಳಕೆದಾರರೊಬ್ಬರಿಗೆ 5 ಡಾಲರಿನಿಂದ ಬೆಲೆ ಶುರುವಾಗುತ್ತದೆ. ಕೊಳ್ಳುವ ದಿನ ಬೆಲೆಪಟ್ಟಿ ಮತ್ತೆ ನೋಡಿ. ಮುನ್ನೂರು ಬೆಳೆಗಾರರಿಗೂ ಆ್ಯಪ್ ಕೊಟ್ಟರೆ ತಿಂಗಳಿಗೆ 1,500 ಡಾಲರ್, ಅಂದರೆ ಲಕ್ಷ ದಾಟುತ್ತದೆ. ಆದ್ದರಿಂದ ಆ್ಯಪ್ ನಿಮಗೆ ಮತ್ತು ಐದಾರು ತಂಡದ ಮುಖಂಡರಿಗೆ ಮಾತ್ರ ಇರಲಿ. ಬೆಳೆಗಾರರು ಮೊದಲಿನಂತೆ ಫಾರ್ಮ್, ವಾಟ್ಸ್‌ಆ್ಯಪ್‌ನಲ್ಲೇ ಇರಲಿ. ಆರಂಭಿಕ ಬೆಲೆಯಲ್ಲಿ ಆರು ಜನಕ್ಕೆ ತಿಂಗಳಿಗೆ 30 ಡಾಲರ್, ಅದೂ ಹಂಗಾಮಿನ ತಿಂಗಳುಗಳಲ್ಲಿ ಮಾತ್ರ.

ಇಲ್ಲಿ ಎರಡು ಅಪಾಯಗಳಿವೆ. ಪ್ರತಿ ಸಾಲಿಗೂ ಗುರುತಿನ ಸಂಖ್ಯೆ ಕೊಡದಿದ್ದರೆ ಆ್ಯಪ್‌ಶೀಟ್ ಸಾಲಿನ ಕ್ರಮಸಂಖ್ಯೆಯನ್ನೇ ಗುರುತಾಗಿ ಹಿಡಿಯಬಹುದು. ಒಂದು ಸಾಲು ಅಳಿಸಿದ ಕೂಡಲೇ ಕೆಳಗಿನವೆಲ್ಲ ಮೇಲೆ ಸರಿದು ಒಬ್ಬರ ಬುಕಿಂಗ್ ಇನ್ನೊಬ್ಬರದಾಗುತ್ತದೆ. ಯುನೀಕ್‌ಐಡಿ ಎಂಬ ಸೂತ್ರದಿಂದ ಗುರುತು ಹುಟ್ಟಿಸಿ. ಎರಡನೆಯದು ಇನ್ನೂ ಗಂಭೀರ: ಪರದೆಯ ಮೇಲೆ ಕಾಣದಂತೆ ಮರೆಮಾಡಿದ ಮಾಹಿತಿ ಫೋನಿಗೆ ಹೋಗಿಯೇ ಇರುತ್ತದೆ. ಒಬ್ಬ ಮುಖಂಡನಿಗೆ ಅವನ ತಂಡದ ಕೆಲಸ ಮಾತ್ರ ಹೋಗಬೇಕಾದರೆ ಸೆಕ್ಯುರಿಟಿ ಫಿಲ್ಟರ್ ಹಾಕಬೇಕು, ಲಾಗಿನ್ ಕಡ್ಡಾಯ ಮಾಡಬೇಕು. ಗ್ಲೈಡ್‌ನಲ್ಲಿ ಇದೇ ಕೆಲಸಕ್ಕೆ ರೋ ಓನರ್ ಎಂಬುದಿದೆ.

ಅಕ್ಕನ ಮಗನ ಎರಡು ದಿನ

ಹುಡುಗ ಹೇಳಿದ್ದು ಸುಳ್ಳಲ್ಲ. ಲವಬಲ್, ರೆಪ್ಲಿಟ್ ತರಹದ ಎಐ ಸಾಧನಗಳಿಗೆ ಬೇಕಾದ್ದನ್ನು ಮಾತಿನಲ್ಲಿ ಹೇಳಿದರೆ ಎರಡು ದಿನದಲ್ಲಿ ನೋಡಲು ಪೂರ್ತಿಯಾದ ಆ್ಯಪ್ ಬರುತ್ತದೆ. ತೊಂದರೆ ಇರುವುದು ನೋಡಲು ಕಾಣದ ಭಾಗದಲ್ಲಿ. ಇಂಥ ಆ್ಯಪ್‌ಗಳ ಡೇಟಾಬೇಸ್‌ನಲ್ಲಿ ಯಾರು ಯಾವ ಸಾಲು ಓದಬಹುದು ಎಂಬ ನಿಯಮವನ್ನು ಪ್ರತ್ಯೇಕವಾಗಿ ಹಾಕಬೇಕು. ಅದು ಬಿಟ್ಟುಹೋದರೆ ಆ್ಯಪ್ ಚೆನ್ನಾಗಿಯೇ ಓಡುತ್ತದೆ. ಬ್ರೌಸರ್ ಬಲ್ಲ ಯಾರು ಬೇಕಾದರೂ ನಿಮ್ಮ ಎಲ್ಲ ಬೆಳೆಗಾರರ, ಕೆಲಸಗಾರರ ನಂಬರ್ ಎತ್ತಿಕೊಳ್ಳಬಹುದು. ಪರೀಕ್ಷೆ ಸರಳ: ಎರಡು ಸುಳ್ಳು ಖಾತೆ ಮಾಡಿ, ಒಂದರಲ್ಲಿ ಬುಕಿಂಗ್ ಹಾಕಿ, ಇನ್ನೊಂದರಲ್ಲಿ ಲಾಗಿನ್ ಆಗಿ ಆ ಬುಕಿಂಗಿನ ಲಿಂಕ್ ತೆರೆಯಿರಿ. ಕಂಡರೆ ಆ್ಯಪ್ ಸಿದ್ಧವಾಗಿಲ್ಲ. ಕಾಣದಿದ್ದರೂ ಡೇಟಾಬೇಸಿನ ನಿಯಮಗಳನ್ನು ತಿಳಿದವರೊಬ್ಬರು ನೋಡಿಯೇ ಜನರ ಮಾಹಿತಿ ತುಂಬಬೇಕು. ಇನ್ನೊಂದು ಸಮಸ್ಯೆ ಅವನ ಕಾಲೇಜಿನ ಪರೀಕ್ಷೆಯ ಸಮಯದಲ್ಲಿ ಎದುರಾಗುತ್ತದೆ: ನವೆಂಬರ್ ತಿಂಗಳಲ್ಲಿ ಏನೋ ಕೆಟ್ಟರೆ, ಹುಡುಗ ಸೆಮಿಸ್ಟರ್ ಪರೀಕ್ಷೆಯಲ್ಲಿದ್ದರೆ, ಸರಿಪಡಿಸುವವರು ಯಾರು?

ಅವನ ಉತ್ಸಾಹ ವ್ಯರ್ಥವಾಗುವುದು ಬೇಡ. ಸೇವೆ ಏನು, ಯಾವ ಊರುಗಳಿಗೆ, ಶುಲ್ಕ ಎಷ್ಟು, ಫಾರ್ಮಿನ ಲಿಂಕ್, ವಾಟ್ಸ್‌ಆ್ಯಪ್ ಬಟನ್ ಇರುವ ಒಂದೇ ಒಂದು ಕನ್ನಡ ಪುಟ ಮಾಡಿಸಿ. ಯಾರ ಮಾಹಿತಿಯೂ ಅದರಲ್ಲಿ ಉಳಿಯುವುದಿಲ್ಲ, ಹಾಗಾಗಿ ಸೋರುವುದಕ್ಕೂ ಏನಿಲ್ಲ.

ಹಣ ಮತ್ತು ಕಾನೂನು

ಕೂಲಿ ಬೆಳೆಗಾರರಿಂದ ಕೆಲಸಗಾರರಿಗೆ ನೇರವಾಗಿ ಹೋಗಲಿ. ನೀವು ನಿಮ್ಮ ಶುಲ್ಕವನ್ನಷ್ಟೇ ಯುಪಿಐನಲ್ಲಿ ಪಡೆಯಿರಿ. ಕೂಲಿಯೂ ನಿಮ್ಮ ಖಾತೆಗೆ ಬಂದು ಹೋಗುವಂತೆ ಮಾಡಿದರೆ ಜಗಳಗಳು ನಿಮ್ಮ ಮನೆ ಬಾಗಿಲಿಗೆ ಬರುತ್ತವೆ, ಜಿಎಸ್‌ಟಿಯಲ್ಲಿ ಇ-ಕಾಮರ್ಸ್ ಆಪರೇಟರ್‌ಗಳ (ಬೇರೆಯವರ ಸೇವೆಯನ್ನು ಆನ್‌ಲೈನ್‌ನಲ್ಲಿ ಒದಗಿಸಿಕೊಡುವವರ) ನಿಯಮಗಳ ಪ್ರಶ್ನೆಯೂ ಏಳುತ್ತದೆ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಬೇಡ ಎಂದು ಸೇವೆಗಳಿಗೆ ಇರುವ ಮಿತಿ ಅಲ್ಲಿ ಎಲ್ಲರಿಗೂ ರಕ್ಷಣೆಯಲ್ಲ. ಆ ದಾರಿ ಹಿಡಿಯುವ ಮುಂಚೆ ಲೆಕ್ಕ ಪರಿಶೋಧಕರೊಬ್ಬರನ್ನು ಕೇಳಿ. ಶುಲ್ಕವನ್ನು ಕೆಲಸ ಮುಗಿದ ಸಂಜೆ ಕೇಳುವುದು ಒಳ್ಳೆಯದು. ಹೊಸ ಸೇವೆಗೆ ಮುಂಗಡ ಕೇಳಿದರೆ ನಂಬಿಕೆ ಹುಟ್ಟುವ ಮೊದಲೇ ಮುರಿಯುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಸೂಚನೆಯನ್ನು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಓದುವ ಆಯ್ಕೆ ಕೊಡಬೇಕೆನ್ನುತ್ತದೆ. ಫಾರ್ಮಿನ ತುದಿಯಲ್ಲಿ ಕನ್ನಡದಲ್ಲೇ ಬರೆಯಿರಿ: ಯಾವ ಮಾಹಿತಿ, ಯಾವ ಕೆಲಸಕ್ಕೆ, ಯಾರಿಗೆ ಕೊಡುತ್ತೇವೆ, ಅಳಿಸಬೇಕಾದರೆ ಯಾರಿಗೆ ಹೇಳಬೇಕು. ಕರ್ನಾಟಕದಲ್ಲಿ ಆ್ಯಪ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ 2025ರಲ್ಲಿ ಪ್ರತ್ಯೇಕ ಕಾನೂನು ಬಂದಿದೆ. ನಿಮ್ಮ ಸೇವೆ ಬೆಳೆಯುತ್ತಾ ಹೋದರೆ ಅದು ಅನ್ವಯಿಸುತ್ತದೆಯೇ ಎಂದು ವಕೀಲರನ್ನು ಕೇಳಬೇಕಾಗುತ್ತದೆ.

ಕಂಪನಿಯನ್ನು ಯಾವಾಗ ಕರೆಯಬೇಕು?

ಕೊಯ್ಲು ಮುಗಿದ ಮೇಲೆ ಕೆಲಸಗಳ ಹಾಳೆಯಿಂದ ಮೂರು ಸಂಖ್ಯೆ ತೆಗೆಯಿರಿ. ಹತ್ತು ಬುಕಿಂಗ್‌ಗಳಲ್ಲಿ ಹೇಳಿದ ದಿನಕ್ಕೇ ಆದದ್ದು ಎಷ್ಟು, ಹತ್ತು ಬೆಳೆಗಾರರಲ್ಲಿ ಶುಲ್ಕವನ್ನು ಚೌಕಾಸಿ ಇಲ್ಲದೆ ಕೊಟ್ಟವರೆಷ್ಟು, ಎರಡನೇ ಸಲ ತಾವಾಗಿ ಕರೆದವರೆಷ್ಟು. ಮೊದಲನೆಯದು ಎಂಟಕ್ಕಿಂತ ಕಡಿಮೆ ಇದ್ದರೆ ತಂತ್ರಾಂಶಕ್ಕೆ ಒಂದು ರೂಪಾಯಿಯೂ ಬೇಡ, ಸಮಸ್ಯೆ ಕೆಲಸಗಾರರ ಕಡೆ ಇದೆ. ಎರಡನೆಯದು ಕಡಿಮೆ ಇದ್ದರೆ ಶುಲ್ಕದ ರೂಪ ಬದಲಿಸಿ ನೋಡಿ. ಸೊಸೈಟಿಯಂಥ ಸಂಸ್ಥೆಯೊಂದು ತನ್ನ ಸದಸ್ಯರ ಪರವಾಗಿ ವರ್ಷಕ್ಕೊಮ್ಮೆ ಕೊಡುವಂತೆ ಮಾಡಲು ಸಾಧ್ಯವೇ ಎಂದು ಕೇಳಬಹುದು. ಮೂರೂ ಚೆನ್ನಾಗಿದ್ದು ಎರಡನೇ ಹಂಗಾಮೂ ಹಾಗೇ ನಡೆದರೆ ಆಗ ಕಂಪನಿಯ ಜೊತೆ ಕೂರಿ. ಅಷ್ಟರಲ್ಲಿ ಏನು ಬೇಕು, ಏನು ಬೇಡ ಎಂಬ ಪಟ್ಟಿ ನಿಮ್ಮ ಕೈಯಲ್ಲೇ ಇರುತ್ತದೆ. ಬೇಡದ್ದನ್ನು ತೆಗೆದರೆ ಕೊಟೇಶನ್ನೂ ಇಳಿಯುತ್ತದೆ.

ಆಗ ಒಪ್ಪಂದದಲ್ಲಿ ಒಂದು ಸಾಲು ತಪ್ಪದೆ ಇರಬೇಕು. ಹಣ ಕೊಟ್ಟು ಮಾಡಿಸಿದ ಮಾತ್ರಕ್ಕೆ ಕೋಡ್ ನಿಮ್ಮದಾಗುವುದಿಲ್ಲ. ಹೊರಗಿನ ಕಂಪನಿ ಬರೆದ ಕೋಡಿನ ಕಾಪಿರೈಟ್ ಲಿಖಿತವಾಗಿ ವರ್ಗಾಯಿಸದಿದ್ದರೆ ಸಾಮಾನ್ಯವಾಗಿ ಆ ಕಂಪನಿಯಲ್ಲೇ ಉಳಿಯುತ್ತದೆ. ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಭಾರತದ ಕಾಪಿರೈಟ್ ಕಾಯ್ದೆ ಅದನ್ನು ಐದು ವರ್ಷ ಎಂದು ತಿಳಿಯುತ್ತದೆ. ಹಾಗಾಗಿ 'ಕಾಪಿರೈಟ್‌ನ ಪೂರ್ಣ ಅವಧಿಗೆ' ಎಂದು ಸ್ಪಷ್ಟವಾಗಿ ಬರೆಸಿ. ಡೊಮೇನ್ ಹೆಸರು, ಪ್ಲೇ ಸ್ಟೋರ್ ಖಾತೆ, ಸರ್ವರ್ ಖಾತೆ ಮೂರನ್ನೂ ನಿಮ್ಮ ಇಮೇಲ್ ಮತ್ತು ನಿಮ್ಮ ಮೊಬೈಲ್ ನಂಬರಿನಿಂದ ನೀವೇ ತೆರೆದು ಅವರಿಗೆ ಪ್ರವೇಶ ಮಾತ್ರ ಕೊಡಿ. ಹಣವನ್ನು ನಾಲ್ಕು ಕಂತು ಮಾಡಿ, ಕೊನೆಯ ಕಂತನ್ನು ಒಂದು ಕೊಯ್ಲಿನ ಹಂಗಾಮು ಪೂರ್ತಿ ಓಡಿದ ಮೇಲೆ ಕೊಡುವ ಷರತ್ತು ಹಾಕಿ.